ಗ್ಲ್ಯಾಂಡ್ ತೆಗೆದ ಪಂಪು

ಕ್ಯಾನ್ಸರ್ ಎಂದು ಗೊತ್ತಾದ ದಿನ ನನ್ನ ಗಂಡ ಅಳಲಿಲ್ಲ, ಡಾಕ್ಟರ ಜೊತೆ ವಾದಕ್ಕೆ ಬಿದ್ದರು. ವಾದವೆಲ್ಲ ಒಂದೇ ಒಂದು ಪದದ ಮೇಲೆ.

ಇವರದು ಪಂಪು ರಿಪೇರಿ ಅಂಗಡಿ. ಬಾವಿಯ ಪಂಪು, ಮಹಡಿಗೆ ನೀರೇರಿಸುವ ಪಂಪು, ನೆಲಮಾಳಿಗೆಯ ಕೊಳಚೆ ಎತ್ತುವ ಪಂಪು, ಯಾವುದು ಕೆಟ್ಟರೂ ಜನ ಇವರ ಬಳಿ ಹೊತ್ತು ತರುತ್ತಾರೆ. ಪಂಪಿನ ಒಳಗಿಂದ ಕಬ್ಬಿಣದ ದಂಡ ಹೊರಗೆ ಬರುವ ಕಡೆ ನೀರು ಸೋರದ ಹಾಗೆ ಗ್ರೀಸು ಹಚ್ಚಿದ ದಾರ ಸುತ್ತಿ ಬಿಗಿ ಮಾಡಿರುತ್ತಾರೆ. ಆ ಜಾಗಕ್ಕೆ ಇವರ ಕಸುಬಿನಲ್ಲಿ ಗ್ಲ್ಯಾಂಡ್ ಎನ್ನುತ್ತಾರೆ. ಡಾಕ್ಟರು ಪಾಪ ಅದೇನೂ ಗೊತ್ತಿಲ್ಲದೆ ಹಾಳೆಯ ಮೇಲೊಂದು ಚಿತ್ರ ಬರೆದು, "ಪ್ರಾಸ್ಟೇಟ್ ಅನ್ನೋದು ಒಂದು ಗ್ಲ್ಯಾಂಡ್. ಅದನ್ನ ಪೂರ್ತಿ ತೆಗೆದುಬಿಡ್ತೀವಿ" ಎಂದರು.

"ತೆಗೆದು ಆ ಜಾಗಕ್ಕೆ ಏನು ಹಾಕ್ತೀರಿ?" ಎಂದರು ಇವರು.

"ಏನೂ ಹಾಕಲ್ಲ."

"ಹಾಗಾದ್ರೆ ಸೋರುತ್ತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೌದು, ಒಂದಷ್ಟು ತಿಂಗಳು ಮೂತ್ರ ಸೋರುತ್ತೆ. ಯಾರು ಹೇಳಿದ್ರು ನಿಮಗೆ?"

"ಯಾರಾದ್ರೂ ಹೇಳ್ಬೇಕಾ? ಗ್ಲ್ಯಾಂಡ್ ತೆಗೆದು ಹಾಗೇ ಬಿಟ್ರೆ ಯಾವ ಪಂಪಾದ್ರೂ ಸೋರುತ್ತೆ. ನಾವು ಹಾಗೆ ಮಾಡಿ ಕಳಿಸಿದ್ರೆ ಗಿರಾಕಿ ತಂದು ಮುಖಕ್ಕೆ ಎಸೀತಾನೆ."

ಡಾಕ್ಟರು ನಕ್ಕರು. ಆ ನಗುವೇ ನಮ್ಮ ಮನೆಗೆ ಮುಳುವಾಯಿತು. ಊಹೆ ಒಂದು ಸಲ ಸರಿಯಾದದ್ದೇ ತಡ, ಮನುಷ್ಯನ ಮೈ ಎಂದರೆ ಇನ್ನೊಂದು ಪಂಪು, ಅದರ ವಿಷಯದಲ್ಲಿ ತನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ಇವರು ತೀರ್ಮಾನ ಮಾಡಿಬಿಟ್ಟರು.

ಹೊರಡುವ ಮೊದಲು ಡಾಕ್ಟರು ಇನ್ನೊಂದು ಮಾತು ಹೇಳಿದರು. ಹೇಳಿದರು ಎನ್ನುವುದಕ್ಕಿಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನನ್ನನ್ನು ನೋಡಿ, ಫ್ಯಾನು ನೋಡಿ, "ಆಪರೇಷನ್ ಆದ್ಮೇಲೆ ದಾಂಪತ್ಯದ ವಿಚಾರದಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು" ಎಂದರು.

"ನಾವು ಜಗಳ ಆಡಲ್ಲ ಡಾಕ್ಟ್ರೇ" ಎಂದರು ನನ್ನ ಗಂಡ.

ಡಾಕ್ಟರು ಕೆಮ್ಮಿದರು. "ಅದಲ್ಲ ಯಜಮಾನ್ರೇ. ನರ ಉಳಿಸೋಕೆ ಆದಷ್ಟು ಪ್ರಯತ್ನ ಮಾಡ್ತೀವಿ ಅಂದೆ." ಯಾವ ನರ, ಉಳಿಯದಿದ್ದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ. ನನಗೆ ಅರ್ಥವಾಗಿತ್ತು. ಆದರೆ ಅಷ್ಟು ಹೊತ್ತಿಗೆ ನನ್ನ ಎದೆಯಲ್ಲಿ ಇದ್ದದ್ದು ಒಂದೇ, ಈ ಮನುಷ್ಯ ಬದುಕಿ ಮನೆಗೆ ಬಂದರೆ ಸಾಕು.

ಬದುಕಿ ಬಂದರು. ಗಡ್ಡೆ ಪೂರ್ತಿ ಹೋಗಿದೆ, ಎಲ್ಲಿಗೂ ಹರಡಿಲ್ಲ ಎಂದು ರಿಪೋರ್ಟು ಬಂದ ದಿನ ನಾನು ಹೊಲಿಗೆ ಮಷೀನಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತೆ. ನನ್ನದು ಹೊಲಿಗೆ ಕೆಲಸ. ಮನೆಯ ಮುಂಭಾಗದ ಕೋಣೆಯಲ್ಲಿ ಕೂತು ಗಂಡಸರ ಪ್ಯಾಂಟು ಹಿಡಿಯುವುದು, ಬಿಡುವುದು, ಜಿಪ್ಪು ಬದಲಿಸುವುದು. ಸೊಂಟದ ಅಳತೆಯಲ್ಲಿ ಸುಳ್ಳು ಹೇಳದ ಗಂಡಸನ್ನು ನಾನು ಇನ್ನೂ ಕಂಡಿಲ್ಲ. ಟೇಪು ಹಿಡಿದ ತಕ್ಷಣ ಹೊಟ್ಟೆ ಒಳಗೆಳೆದುಕೊಂಡು ಉಸಿರು ಕಟ್ಟಿ ನಿಲ್ಲುತ್ತಾರೆ. ಅಂಥವರಿಗೆ ನಾನು ಹೇಳದೆ ಕೇಳದೆ ಒಂದಿಂಚು ಜಾಸ್ತಿ ಬಿಟ್ಟು ಹೊಲಿಯುತ್ತೇನೆ.

ಆಪರೇಷನ್ ಆಗಿ ಕೆಲವು ವಾರಕ್ಕೆ ಆಸ್ಪತ್ರೆಯ ಸಿಸ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಆ ಆಸ್ಪತ್ರೆಯಲ್ಲಿ ಮಾತನ್ನು ನೆಟ್ಟಗೆ ಆಡುವವರು ಆಕೆ ಒಬ್ಬರೇ. "ನೋಡಿ, ನರ ಉಳಿದಿದೆ, ಆದ್ರೆ ಪೆಟ್ಟು ತಿಂದಿದೆ. ಸದ್ಯಕ್ಕೆ ಗಟ್ಟಿಯಾಗಲ್ಲ. ಸುಧಾರಿಸೋಕೆ ವರ್ಷ ಆಗ್ಬಹುದು, ಎರಡು ವರ್ಷಾನೂ ಆಗ್ಬಹುದು. ಮೊದಲಿನಷ್ಟೇ ಬರುತ್ತೆ ಅಂತ ಭಾಷೆ ಕೊಡೋಕೂ ಆಗಲ್ಲ. ಅಲ್ಲೀವರೆಗೆ ಅಲ್ಲಿ ರಕ್ತ ಓಡಾಡ್ತಾ ಇರ್ಬೇಕು, ಇಲ್ದಿದ್ರೆ ಸೊರಗುತ್ತೆ. ಅದಕ್ಕೆ ಈ ಮಾತ್ರೆ, ಮತ್ತೆ ಇದು" ಎಂದು ಮೇಜಿನ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಇಟ್ಟರು. ಅದರ ತಲೆಗೆ ಒಂದು ಸಣ್ಣ ಹಿಡಿ. "ಇದು ವ್ಯಾಕ್ಯೂಮ್ ಪಂಪ್. ಒಳಗಿನ ಗಾಳಿ ಹೊರಗೆ ಎಳೆಯುತ್ತೆ, ಆಗ ರಕ್ತ ಬರುತ್ತೆ. ದಿನಾ ವ್ಯಾಯಾಮದ ಹಾಗೆ ಮಾಡ್ಬೇಕು."

ಪಂಪ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇವರ ಮುಖಕ್ಕೆ ಕಳೆ ಬಂತು. ಸಿಸ್ಟರು ಅದನ್ನು ಬಳಸುವ ಕ್ರಮ ಹೇಳಲು ಬಾಯಿ ತೆರೆದರು, ಇವರು ಅಂಗೈ ಎತ್ತಿ ತಡೆದರು.

"ಬಿಡಿ ಸಿಸ್ಟರ್. ಮೀನಿನ ಮರಿಗೆ ಈಜು ಕಲಿಸ್ತೀರಾ?"

"ಆದ್ರೂ ಒಂದು ವಿಷ್ಯ ಹೇಳ್ಬೇಕು..."

"ನನ್ನ ಜೀವಮಾನ ಎಲ್ಲ ಪಂಪಲ್ಲೇ ಕಳೆದಿದೀನಿ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದೇಬಿಟ್ಟರು. ಸಿಸ್ಟರು ನನ್ನ ಕಡೆ ನೋಡಿದರು. ಈ ಮನುಷ್ಯನಿಗೆ ಹೇಳಿ ಪ್ರಯೋಜನವಿಲ್ಲ ಎಂದು ನಾನೂ ಕಣ್ಣಲ್ಲೇ ಹೇಳಿದೆ.

ಇದಕ್ಕಿಂತ ಮೊದಲೇ ಇವರು ನಮ್ಮ ಮಲಗುವ ಕೋಣೆ ಬಿಟ್ಟಿದ್ದರು. ಆಪರೇಷನ್ ಆದ ಹೊಸತರಲ್ಲಿ, "ಸೋರುತ್ತೆ, ಹಾಸಿಗೆ ಹಾಳಾಗುತ್ತೆ" ಎಂದು ದಿಂಬು ಎತ್ತಿಕೊಂಡು ನನ್ನ ಹೊಲಿಗೆ ಕೋಣೆಯ ಮಂಚಕ್ಕೆ ಹೋದರು. ನಾನು ಒಗೆಯಲು ಬರುವ ದಪ್ಪ ಹೊದಿಕೆ ಹೊಲಿದು ಹಾಸಿಗೆಗೆ ಹಾಕಿದೆ. ಬರಲಿಲ್ಲ. ಕೆಲವು ತಿಂಗಳಿಗೆ ಸೋರುವುದು ನಿಂತಿತು. ನಿಲ್ಲಬೇಕಾದದ್ದು ಮಾತ್ರ ನಿಲ್ಲಲಿಲ್ಲ. ಇವರು ಆ ಮಂಚದಲ್ಲೇ ಉಳಿದರು.

ಕೇಳಿದ್ದಕ್ಕೆ, "ಕೆಲಸ ಮುಗೀಲಿ, ಬರ್ತೀನಿ" ಎಂದರು. ರಿಪೇರಿ ಪೂರ್ತಿಯಾಗದ ಮಾಲನ್ನು ಗಿರಾಕಿ ಕೈಗೆ ಕೊಡಬಾರದು ಎನ್ನುವುದು ಇವರ ಅಂಗಡಿಯ ನಿಯಮ. ನಾನೀಗ ಗಿರಾಕಿ ಆಗಿದ್ದೆ. ಮೊದಲು ಕಾಫಿ ಲೋಟ ನನ್ನ ಕೈಯಿಂದಲೇ ಇಸಿದುಕೊಳ್ಳುತ್ತಿದ್ದರು, ಈಗ ಮೇಜು ತೋರಿಸಿ "ಅಲ್ಲಿಡು" ಎನ್ನುತ್ತಿದ್ದರು. ನನ್ನ ಬೆರಳು ತಾಗಿದರೆ ಎಲ್ಲಿ ಲೆಕ್ಕ ಕೇಳುತ್ತೇನೋ ಎಂಬ ಹೆದರಿಕೆ. ಕಾಯಿಲೆ ಬಂದಾಗ ಈ ಮನುಷ್ಯನನ್ನು ಕಳೆದುಕೊಳ್ಳುತ್ತೇನೆ ಎಂದು ನಡುಗಿದ್ದೆ. ಕಾಯಿಲೆ ವಾಸಿಯಾದ ಮೇಲೆ, ಒಂದೇ ಸೂರಿನ ಕೆಳಗೆ, ನಿಜವಾಗಿಯೂ ಕಳೆದುಕೊಳ್ಳುತ್ತಿದ್ದೆ. ಅವರು ವಾಪಸು ನಮ್ಮ ಕೋಣೆಗೆ ಬರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಬಾಯಿಬಿಟ್ಟು ಕರೆಯಲು ನನಗೂ ಬಿಗುಮಾನ.

ದಿನಾ ಬೆಳಿಗ್ಗೆ ಇವರು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟುಕೊಂಡರೂ ನೀರಿನ ಸದ್ದನ್ನು ಮೀರಿ ಪುಸ್ ಪುಸ್ ಎಂದು ಕೇಳುತ್ತಿತ್ತು. ಮೇಲಿನ ಮನೆಯಾಕೆ ಒಂದು ದಿನ ಮೆಟ್ಟಿಲಲ್ಲಿ ತಡೆದು, "ನಿಮ್ಮನೇಲಿ ಯಾರು ದಿನಾ ಸೈಕಲ್ಲಿಗೆ ಗಾಳಿ ಹೊಡೀತಾರೆ?" ಎಂದು ಕೇಳಿದಳು. "ನಮ್ಮ ಯಜಮಾನ್ರೇ. ಹಳೇ ಸೈಕಲ್ಲು" ಎಂದೆ. "ಹಳೇದನ್ನ ಮಾರಿ ಹೊಸದು ತಗೊಳ್ಳಿ" ಎಂದು ಬಿಟ್ಟಿ ಸಲಹೆ ಕೊಟ್ಟು ಹೋದಳು.

ವ್ಯಾಯಾಮ ಮಾಡಿ ಸುಮ್ಮನಿರಿ ಎಂದಿದ್ದರು ಸಿಸ್ಟರು. ಇವರಿಗೆ ಫಲಿತಾಂಶ ಬೇಕು. ಪಂಪು ಹೊಡೆದಷ್ಟೂ ಎಳೆತ ಒಂದು ಹಂತಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತಂತೆ, ಅದಕ್ಕಿಂತ ಮೇಲೆ ಏರುತ್ತಿರಲಿಲ್ಲವಂತೆ. ದೋಷ ತನ್ನದಲ್ಲ, ಪಂಪಿನದು ಎಂದು ಇವರಿಗೆ ಖಾತ್ರಿಯಾಯಿತು. ಅದನ್ನು ಊಟದ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದರು. ಅಲ್ಲಿ ನಡೆದದ್ದನ್ನು ಮುಂದೆ ನನಗೆ ಹೇಳಿದ್ದು ನನ್ನ ಮೈದುನ. ಅವನು ಅಣ್ಣನ ಜೊತೆ ಅದೇ ಅಂಗಡಿಯಲ್ಲಿ ಪಾಲುದಾರ.

"ಇದ್ಯಾವ ಕಂಪನಿ ಪಂಪಣ್ಣ?" ಎಂದು ಮೈದುನ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಎಳೆಯೋಕೆ ಸಕ್ಷನ್ ಇದೆ, ನೀರು ಹೊರಗೆ ಬಿಡೋ ಡೆಲಿವರಿ ಎಲ್ಲಿ?"

"ಇದಕ್ಕೆ ಡೆಲಿವರಿ ಇಲ್ಲ."

"ಡೆಲಿವರಿ ಇಲ್ದಿರೋ ಪಂಪು ಯಾರಿಗಣ್ಣ ಬೇಕು?"

"ಆಸ್ಪತ್ರೇದು. ಏನೋ ಪರೀಕ್ಷೆಗಂತೆ. ಬಾಯಿ ಮುಚ್ಕೊಂಡು ಗೇಜು ಹಾಕು."

ಗೇಜು ಹಾಕಿದರು. ಮುಳ್ಳು ಏರಿತು, ಒಂದು ಕಡೆ ನಿಂತಿತು, ಎಷ್ಟು ಒತ್ತಿದರೂ ಮುಂದೆ ಹೋಗಲಿಲ್ಲ. ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ ಎಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಮೈದುನ ಸಿಗರೇಟು ಹಚ್ಚಿ ಕೊಳವೆಯ ಸುತ್ತ ಹೊಗೆ ಬಿಟ್ಟ. ಹಿಡಿಯ ಬುಡದಲ್ಲಿ ಒಂದು ಕಡೆ ಹೊಗೆ ಸುಯ್ಯೆಂದು ಒಳಗೆ ಹೋಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಅಣ್ಣತಮ್ಮಂದಿರಿಗೆ ನಿಧಿ ಸಿಕ್ಕಷ್ಟು ಖುಷಿ. ಕಂಪನಿಯವರ ಕಳಪೆ ಕೆಲಸಕ್ಕೆ ಛೀಮಾರಿ ಹಾಕಿ, ಎರಡು ಬಗೆಯ ಅಂಟು ಕಲಸಿ, ಆ ತೂತನ್ನು ಕಲ್ಲಿನಂತೆ ಮುಚ್ಚಿದರು. ಅಂಟು ಒಣಗಿದ ಮೇಲೆ ಮೈದುನ ಕೊಳವೆಯ ಬಾಯನ್ನು ತನ್ನ ಕೆನ್ನೆಗೇ ಇಟ್ಟುಕೊಂಡು ಎರಡು ಸಲ ಒತ್ತಿ ನೋಡಿದ. "ಅಣ್ಣ, ಈಗ ನೋಡು ಎಳೆತ! ಚರ್ಮ ಕಿತ್ಕೊಂಡು ಬರುತ್ತೆ!" ಎಂದು ಕುಣಿದ.

ಅವತ್ತು ಸಂಜೆ ನನ್ನ ಓರಗಿತ್ತಿ, ಅಂದರೆ ಅವನ ಹೆಂಡತಿ, ಫೋನು ಮಾಡಿ ಹೋ ಎಂದು ಅತ್ತಳು. "ಅಕ್ಕಾ, ಇವರ ಕೆನ್ನೆ ಮೇಲೆ ಕೆಂಪಗೆ ದುಂಡಗೆ ಗುರುತಿದೆ. ಯಾವಳೋ ಮುತ್ತು ಕೊಟ್ಟಿದಾಳೆ. ಕೇಳಿದ್ರೆ ಪಂಪು ಅಂತಾರೆ! ನನ್ನನ್ನ ಏನು ಅಂದ್ಕೊಂಡಿದಾರೆ?" ಎಂದಳು. ನನಗೂ ತಲೆಬುಡ ತಿಳಿಯಲಿಲ್ಲ. ಸೊಳ್ಳೆ ಕಚ್ಚಿರಬೇಕು ಎಂದು ಸಮಾಧಾನ ಹೇಳಿದೆ. ಅಷ್ಟು ದೊಡ್ಡ ಬಾಯಿಯ ಸೊಳ್ಳೆ ಯಾವುದಕ್ಕಾ ಎಂದು ಇನ್ನೂ ಜೋರಾಗಿ ಅತ್ತಳು.

ಮರುದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಪುಸ್ ಪುಸ್ ಎನ್ನುವುದು ಕೇಳಿತು, ಹಿಂದೆಯೇ ಒಂದು ಚೀರು. ನಾನು ಕತ್ತರಿ ಬಿಸಾಡಿ ಓಡಿದೆ. ಬಾಗಿಲು ತೆರೆದ ನನ್ನ ಗಂಡನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಉಳಿದದ್ದು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ತಿಂಗಳುಗಟ್ಟಲೆ ಕಾದು ಕಾಣಬೇಕೆಂದಿದ್ದ ಗಾತ್ರ ಕೊನೆಗೂ ಬಂದಿತ್ತು, ಬಾವಿನ ರೂಪದಲ್ಲಿ.

ಆಸ್ಪತ್ರೆಯಲ್ಲಿ ಸಿಸ್ಟರು ಮೊದಲು ಇವರನ್ನು ನೋಡಿದರು, ಆಮೇಲೆ ಪಂಪನ್ನು ನೋಡಿದರು. ಅಂಟಿನ ಗುಪ್ಪೆಯ ಮೇಲೆ ಉಗುರಿಟ್ಟು, "ಇದನ್ನ ಯಾರು ಮುಚ್ಚಿದ್ದು?" ಎಂದರು.

"ಲೀಕ್ ಇತ್ತು" ಎಂದರು ಇವರು, ಗಂಟಲಲ್ಲೇ.

"ಲೀಕ್ ಅಲ್ಲ ಯಜಮಾನ್ರೇ, ಬೇಕೂಂತಲೇ ಬಿಟ್ಟಿರೋದು. ಎಳೆತ ಮಿತಿ ಮೀರಿದ್ರೆ ಅಲ್ಲಿಂದ ಗಾಳಿ ಒಳಗೆ ಬಂದು ನಿಮ್ಮನ್ನ ಕಾಪಾಡಲಿ ಅಂತ. ಅವತ್ತು ನಾನು ಹೇಳೋಕೆ ಹೊರಟಿದ್ದು ಇದನ್ನೇ." ಆಕೆ ಬೈಯಲಿಲ್ಲ. ಐಸು ತರಲು ಹೊರಗೆ ಹೋದರು, ಬಾಗಿಲು ಅರ್ಧ ತೆರೆದೇ ಇತ್ತು.

ಅಷ್ಟರಲ್ಲಿ ಡಾಕ್ಟರು ಬಂದರು. ನೋಡಿದರು. ಎರಡು ವಾರ ಪಂಪು ಮುಟ್ಟಬಾರದು, ಬಾವು ತಾನಾಗಿ ಇಳಿಯುತ್ತದೆ, ಶಾಶ್ವತ ತೊಂದರೆ ಏನಿಲ್ಲ ಎಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇವರ ಬೆನ್ನು ತಟ್ಟಿ, "ಯಾಕಿಷ್ಟು ಆತುರ? ಪ್ರಾಣ ಉಳೀತಲ್ಲ. ಈ ವಯಸ್ಸಲ್ಲಿ ಹೆಂಗಸ್ರಿಗೆ ಅದೇನೂ ಅಷ್ಟು ಮುಖ್ಯ ಅಲ್ಲ ಬಿಡಿ. ಅಲ್ವೇನಮ್ಮಾ?" ಎಂದು ನನ್ನ ಕಡೆ ತಿರುಗಿದರು. ಕೈ ಆಗಲೇ ಮುಂದಿನ ರೋಗಿಯ ಫೈಲಿನ ಮೇಲಿತ್ತು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರೆ. ರೋಗಿಯ ಹೆಂಡತಿ ಏನು ಬಯಸಿದಳು ಎಂದು ಗಾದೆ ಕಟ್ಟಿದವನೂ ಕೇಳಲಿಲ್ಲ. ಕಾಯಿಲೆ ಶುರುವಾದಾಗಿನಿಂದ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು, ಅದಕ್ಕೂ ಉತ್ತರವನ್ನು ಅವರೇ ತುಂಬಿ ತಂದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಮುಖ್ಯ" ಎಂದೆ.

"ಏನಂದ್ರಿ?"

"ಮುಖ್ಯ ಅಂದೆ. ನಂಗೆ ಬೇಕು."

ಮಷೀನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು ನನ್ನದು. ಹೊರಗಿನ ಬೆಂಚಿನಲ್ಲಿ ಗಂಡಂದಿರ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸರಿಗೆಲ್ಲ ಕೇಳಿಸಿತು. ಅವರಲ್ಲಿ ಒಬ್ಬಾಕೆ, "ಅಬ್ಬಾ, ಯಾರೋ ಒಬ್ರು ಹೇಳಿದ್ರಲ್ಲ!" ಎಂದಳು. ಪಕ್ಕದಲ್ಲಿದ್ದವಳು ಕಿಸಕ್ಕನೆ ನಕ್ಕಳು. ಗಂಡಸರೆಲ್ಲ ತಲೆ ತಗ್ಗಿಸಿ, ಜೀವನದಲ್ಲಿ ಮೊದಲ ಸಲ ನೆಲದ ಕಲ್ಲು ನೋಡುತ್ತಿರುವವರ ಹಾಗೆ ನೆಲವನ್ನೇ ನೋಡತೊಡಗಿದರು.

"ಹಾಗಲ್ಲಮ್ಮಾ... ಅಂದ್ರೆ... ನಮ್ಮಲ್ಲಿ ಆಪ್ತಸಲಹೆ ವ್ಯವಸ್ಥೆ ಇದೆ" ಎಂದರು ಡಾಕ್ಟರು.

"ಅದು ಯಾರಿಗೆ ಡಾಕ್ಟ್ರೇ, ನಿಮಗಾ?" ಎಂದೆ. ಐಸು ಹಿಡಿದು ಬಾಗಿಲಲ್ಲಿ ನಿಂತಿದ್ದ ಸಿಸ್ಟರು ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು.

ಬಸ್ಸಿನಲ್ಲಿ ಸೀಟು ಖಾಲಿ ಇತ್ತು, ಆದರೆ ಇವರಿಗೆ ಕೂರಲು ಆಗುವಂತಿರಲಿಲ್ಲ. ನಾನು ಕೂತೆ, ಇವರು ಪಕ್ಕದಲ್ಲಿ ಕಂಬ ಹಿಡಿದು ನಿಂತರು. ಮಾನ ಹರಾಜು ಹಾಕಿದೆ ಎಂದು ಬೈಯುತ್ತಾರೆ ಎಂದುಕೊಂಡು ನಾನೂ ಜವಾಬು ಹೊಂದಿಸಿಕೊಂಡು ಕೂತಿದ್ದೆ. ಬೈಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು.

"ಅಲ್ಲಿ ಹೇಳಿದ್ದು ಡಾಕ್ಟ್ರ ಬಾಯಿ ಮುಚ್ಚಿಸೋಕೆ ತಾನೇ?"

"ಅಲ್ಲ."

"ಮತ್ತೆ?"

"ನಿಜ."

ಅವರು ಕಿಟಕಿಯ ಹೊರಗೆ ನೋಡಿದರು. "ನಾನು ಬೇರೆ ತಿಳ್ಕೊಂಡಿದ್ದೆ ಕಣೇ. ಪೀಡೆ ತೊಲಗಿತು ಅಂತ ನಿಂಗೆ ನೆಮ್ಮದಿ ಆಗಿರುತ್ತೆ ಅಂತ."

"ನಾನು ಯಾವತ್ತು ಹಾಗಂದೆ?"

"ಬೇಕು ಅಂತಾನೂ ಯಾವತ್ತೂ ಅನ್ಲಿಲ್ವಲ್ಲ. ನಾನು ಕೇಳ್ತಿದ್ದೆ, ನೀನು ಹೂಂ ಅಂತಿದ್ದೆ. ಅಷ್ಟೇ."

"ಹೂಂ ಅಂದ್ರೆ ಏನು ಅಂದ್ಕೊಂಡಿದ್ರಿ?"

"ಸರಿ, ಆಗ್ಲಿ, ಬೇಗ ಮುಗಿಸಿ ಮಲ್ಕೊಳ್ಳಿ ಅಂತ."

ನನಗೆ ಅಳು ಬಂತು, ಅದರ ಬೆನ್ನಿಗೇ ಕೋಪವೂ ಬಂತು. ಮದುವೆಯಾದಾಗಿನಿಂದ ಈ ಮನುಷ್ಯ ನನ್ನ ಪಕ್ಕದಲ್ಲಿ ಸಾಲ ಕೇಳಲು ಬಂದವನ ಹಾಗೆ ಮಲಗಿದ್ದನೇ? "ಹೂಂ ಅಂದ್ರೆ ಹೂಂ ಕಣ್ರೀ!" ಎಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಮೆಲ್ಲಗೆ ಮಾತಾಡೇ."

"ಹಾಗಾದ್ರೆ ನಂಗೆ ಬೇಡ ಅಂತ ತಿಳ್ಕೊಂಡಿದ್ದೂ ಆ ಪಂಪನ್ನ ಯಾರಿಗೋಸ್ಕರ ಹೊಡೆದ್ರಿ ಅಷ್ಟು?"

ಅವರು ಕಂಬವನ್ನು ಕೈ ಬದಲಿಸಿ ಹಿಡಿದರು. "ನಿಂಗೆ ಬೇಕೋ ಬೇಡ್ವೋ, ನಿನ್ನ ಪಕ್ಕ ಬರೋಕೆ ನಂಗೆ ಅದೊಂದೇ ನೆಪ ಇದ್ದದ್ದು" ಎಂದರು. "ಅದೇ ಇಲ್ದೆ ಯಾವ ಮುಖ ಇಟ್ಕೊಂಡು ಬರ್ಲಿ?"

"ಇರೋ ಮುಖಾನೇ ಇಟ್ಕೊಂಡು ಬನ್ನಿ" ಎಂದೆ.

ಮನೆಗೆ ಬಂದಾಗ ಮಟಮಟ ಮಧ್ಯಾಹ್ನ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಇವರು ಹೊಲಿಗೆ ಕೋಣೆಗೆ ಹೋಗಿ ತಮ್ಮ ದಿಂಬು ಎತ್ತಿಕೊಂಡು ಬಂದರು. ಬಾವಿನಿಂದಾಗಿ ಕಾಲು ಅಗಲಿಸಿಕೊಂಡು ಬಾತುಕೋಳಿಯ ನಡಿಗೆ. ನಗು ಬಂತು, ಆದರೆ ಆ ದಿಂಬು ಮತ್ತೆ ನನ್ನ ದಿಂಬಿನ ಪಕ್ಕ ಬಿದ್ದದ್ದನ್ನು ನೋಡಿ ನಗುವುದು ಬಿಟ್ಟು ಅದರ ಸುಕ್ಕು ತೀಡಿದೆ. ಇವರು ಬಾಗಿಲು ಹಾಕಿ, ನನ್ನ ಪಕ್ಕದಲ್ಲಿ ಹುಷಾರಾಗಿ ಮಲಗಿ, ಮೇಲೆ ನೋಡುತ್ತಾ, "ಎರಡು ವಾರ ಏನೂ ಮಾಡೋ ಹಾಗಿಲ್ವಂತೆ" ಎಂದರು.

"ಅದು ನಿಮಗೆ ಹೇಳಿದ್ದು. ನಂಗೇನೂ ಡಾಕ್ಟ್ರು ಬೇಡ ಅಂದಿಲ್ಲ."

ಅವರು ನನ್ನ ಕಡೆ ತಿರುಗಿದರು. ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಬೇರಿಂಗು ಸವೆದಿದೆಯೋ ಇಲ್ಲವೋ ಎಂದು ಕತ್ತಲಲ್ಲಿ ಬರೀ ಮುಟ್ಟಿ ಹೇಳಬಲ್ಲ ಮನುಷ್ಯ. ಇಷ್ಟು ತಿಂಗಳು ಒಂದೇ ಒಂದರ ಚಿಂತೆಯಲ್ಲಿ ಮುಳುಗಿ, ತನಗೆ ಎರಡು ಕೈಗಳಿವೆ ಎಂಬುದನ್ನೇ ಮರೆತಿದ್ದರು.

"ನಂಗೆ ಗೊತ್ತಾಗಲ್ಲ" ಎಂದರು ಮೆಲ್ಲಗೆ. "ನೀನೇ ಹೇಳಿಕೊಡ್ಬೇಕು."

ಈ ಮಾತು ಇವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಹೇಳಿಕೊಟ್ಟೆ. ಅಂಗೈ ಎತ್ತಿ ತಡೆಯಲಿಲ್ಲ, ನನ್ನ ಜೀವಮಾನವೆಲ್ಲ ಎನ್ನಲಿಲ್ಲ. ಮೇಲೆ ಎಂದರೆ ಮೇಲೆ, ಮೆಲ್ಲಗೆ ಎಂದರೆ ಮೆಲ್ಲಗೆ. ಬುದ್ಧಿವಂತ ಶಿಷ್ಯ. ನಾನು ಎಷ್ಟೋ ಹೊತ್ತಿನ ಮೇಲೆ ಕಣ್ಣು ಮುಚ್ಚಿದೆ.

ಆಗ ಬೀದಿ ಬಾಗಿಲು ಬಡಿದ ಸದ್ದಾಯಿತು. "ಅಮ್ಮಾ, ನನ್ನ ಪ್ಯಾಂಟು ಆಯ್ತಾ?" ಎಂದು ಯಾವನೋ ಕೂಗಿದ. ನಾನು ಉಸಿರು ಬಿಗಿಹಿಡಿದೆ. ಪುಸ್ ಎನ್ನುವ ಸದ್ದು ಹೊರಗೆ ಕೇಳದಿರಲಿ ಎಂದು ನಲ್ಲಿ ತಿರುಗಿಸಿಟ್ಟುಕೊಳ್ಳುತ್ತಿದ್ದ ನನ್ನ ಗಂಡ ಕೈ ತೆಗೆಯದೆ, ತಲೆ ಮಾತ್ರ ಎತ್ತಿ, ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಕೂಗಿದರು:

"ನಾಳೆ ಬಾರಯ್ಯ! ಒಳಗೆ ಕೆಲ್ಸ ನಡೀತಿದೆ!"